ಎರಿಥ್ರೊಮೈಸಿನ್ ಕಟ್ಟುವ ಇಟ್ಟಿಗೆ ಹೇಗೆ ತಯಾರಾಗುತ್ತದೆ?

ಎರಿಥ್ರೊಮೈಸಿನ್ ಎಂಬ ಪ್ರತಿಜೀವಕವನ್ನು ತಯಾರಿಸುವುದು ಸ್ಯಾಕರೋಪಾಲಿಸ್ಪೋರಾ ಎರಿಥ್ರಿಯಾ ಎಂಬ ಬ್ಯಾಕ್ಟೀರಿಯಾ. ಫಿಲಿಪ್ಪೀನ್ಸ್‌ನ ಮಣ್ಣಿನಲ್ಲಿ ದೊರೆತ ಜೀವಿ ಅದು. ಔಷಧದ ಅಣುವನ್ನು ಜೋಡಿಸುವ ದೈತ್ಯ ಕಿಣ್ವಗಳನ್ನು ಎಲ್ಲರೂ ಕೊಂಡಾಡುತ್ತಾರೆ. ಜೋಡಣೆಗೆ ಬೇಕಾದ ಇಟ್ಟಿಗೆಯನ್ನು ಅಚ್ಚು ಹಾಕುವ ಕಿಣ್ವಗಳ ಸುದ್ದಿ ಎತ್ತುವವರು ಕಡಿಮೆ. ಇಟ್ಟಿಗೆಯೇ ಇಲ್ಲದಿದ್ದರೆ ಜೋಡಿಸುವುದಾದರೂ ಏನನ್ನು?

ಮೊದಲು ಕಚ್ಚಾವಸ್ತು. ಕೆಲವು ಅಮೈನೋ ಆಮ್ಲಗಳು, ಕೊಬ್ಬಿನ ಆಮ್ಲಗಳು ಜೀವಕೋಶದಲ್ಲಿ ಒಡೆದಾಗ ಪ್ರೊಪಿಯೊನಿಲ್-ಕೋಎ ಸಿಗುತ್ತದೆ. ಪ್ರೊಪಿಯೊನಿಲ್ ಎಂದರೆ ಮೂರು ಇಂಗಾಲಗಳ ತುಣುಕು. ಕೋಎ ಅದನ್ನು ಹಿಡಿದೆತ್ತಲು ಇರುವ ಹಿಡಿಕೆ.

ಎರಡನೆಯದು ಅಚ್ಚು ಹಾಕುವ ಕೆಲಸ. ಪ್ರೊಪಿಯೊನಿಲ್-ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವಕ್ಕೆ ಬಯೋಟಿನ್ ಎಂಬ ವಿಟಮಿನ್ ಅಂಟಿಕೊಂಡಿರುತ್ತದೆ. ಕಿಣ್ವವು ಎಟಿಪಿಯ (ಜೀವಕೋಶದ ಶಕ್ತಿಯ ನಾಣ್ಯ) ಶಕ್ತಿಯನ್ನು ಖರ್ಚು ಮಾಡಿ, ಬೈಕಾರ್ಬೊನೇಟ್‌ನಿಂದ ಒಂದು ಇಂಗಾಲವನ್ನು ಬಯೋಟಿನ್ ಮೇಲೆ ಹೊರಿಸುತ್ತದೆ. ಬಯೋಟಿನ್ ತೋಳಿನಂತೆ ತೂಗಿ, ಆ ಹೊರೆಯನ್ನು ಪ್ರೊಪಿಯೊನಿಲ್‌ನ ನಡುವಿನ ಇಂಗಾಲಕ್ಕೆ ಇಳಿಸುತ್ತದೆ. ಹೀಗೆ ಮೀಥೈಲ್‌ಮಲೋನಿಲ್-ಕೋಎ ಎಂಬ ಇಟ್ಟಿಗೆ ಸಿದ್ಧವಾಗುತ್ತದೆ.

ವಿಸ್ಮಯ ಇರುವುದು ಮೂರನೆಯ ಹಂತದಲ್ಲಿ. ಜೋಡಿಸುವ ಕಿಣ್ವ ಈ ಇಟ್ಟಿಗೆಯನ್ನು ಸರಪಳಿಗೆ ಸೇರಿಸುವಾಗ, ಅಷ್ಟು ಖರ್ಚು ಮಾಡಿ ಹೊರಿಸಿದ್ದ ಇಂಗಾಲವೇ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದು ವ್ಯರ್ಥವಲ್ಲ. ಎರಡು ಪ್ರೊಪಿಯೊನಿಲ್‌ಗಳನ್ನು ನೇರವಾಗಿ ಬೆಸೆಯುವುದು ಕಷ್ಟ. ಹೊರಬೀಳುವ ಆ ಅನಿಲವೇ ಬೆಸುಗೆಯನ್ನು ಮುಂದಕ್ಕೆ ತಳ್ಳುತ್ತದೆ, ಹಿಂದೆ ಸರಿಯಲು ಬಿಡುವುದಿಲ್ಲ. ಬಿಲ್ಲಿನ ಹೆದೆಯನ್ನು ಎಳೆದಿಟ್ಟದ್ದು ಬಾಣ ಬಿಡುವುದಕ್ಕಾಗಿ.

ಮುಂದಿನದು ಲೆಕ್ಕ: ಆರಂಭಕ್ಕೆ ಒಂದು ಪ್ರೊಪಿಯೊನಿಲ್, ಬಳಿಕ ಆರು ಮೀಥೈಲ್‌ಮಲೋನಿಲ್. ಒಂದು ಇಂಗಾಲ ಹಾರಿಹೋಗುವುದರಿಂದ ಪ್ರತಿ ಇಟ್ಟಿಗೆಯಿಂದಲೂ ಉಳಿಯುವುದು ಮೂರೇ. ಏಳು ಮೂರಲೆ 21 ಇಂಗಾಲಗಳ ಸರಪಳಿ ಬಳೆಯಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಆಕ್ಸಿಜನ್, ಎರಡು ಸಕ್ಕರೆ ಸೇರಿದರೆ ಔಷಧ.

ಇಟ್ಟಿಗೆಯ ಬೆಲೆ ಎಷ್ಟೆಂಬುದು 2001ರಲ್ಲಿ ಸ್ಪಷ್ಟವಾಯಿತು. ಈ ಬಳೆಯನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಲು ವಿಜ್ಞಾನಿ ಚೈತನ್ ಖೋಸ್ಲಾ ಮತ್ತು ಸಂಗಡಿಗರಿಗೆ ಜೋಡಣೆಯ ವಂಶವಾಹಿಗಳಷ್ಟೇ ಸಾಕಾಗಲಿಲ್ಲ. ಕಾರ್ಬಾಕ್ಸಿಲೇಸ್‌ನ ವಂಶವಾಹಿಗಳನ್ನು ಬೇರೆ ಬ್ಯಾಕ್ಟೀರಿಯಾದಿಂದ ತಂದು ಸೇರಿಸಬೇಕಾಯಿತು, ಪ್ರೊಪಿಯೊನಿಲ್ ತುಣುಕಿನ ಮೂಲವಾದ ಪ್ರೊಪಿಯೊನೇಟನ್ನು ಹೊರಗಿನಿಂದ ಉಣಿಸಬೇಕಾಯಿತು.

ಇಟ್ಟಿಗೆ ಬದಲಾದರೆ ಔಷಧದ ಗುಣವೂ ಬದಲಾಗುತ್ತದೆ. ಸಮುದ್ರದ ಕೆಸರಿನಲ್ಲಿ ಬದುಕುವ ಸಲಿನಿಸ್ಪೋರಾ ಟ್ರಾಪಿಕಾ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಒಂದು ಕಿಣ್ವ ಕ್ಲೋರೈಡನ್ನು ಹಿಡಿದು ಇಂಗಾಲಕ್ಕೆ ಬೆಸೆಯುತ್ತದೆ. ಹಲವು ಹಂತ ದಾಟಿದ ಮೇಲೆ ಇನ್ನೊಂದು ಕಿಣ್ವ ಇಂಗಾಲದ ಡೈಆಕ್ಸೈಡ್ ಸೇರಿಸಿ ಕ್ಲೋರಿನ್ ಇರುವ ಇಟ್ಟಿಗೆಯನ್ನು ಮುಗಿಸಿಕೊಡುತ್ತದೆ. ಅದರಿಂದ ಹುಟ್ಟುವ ಸಲಿನೋಸ್ಪೊರಮೈಡ್-ಎ ಜೀವಕೋಶದ ಪ್ರೋಟಿಯಾಸೋಮ್‌ ಎಂಬ ಪ್ರೋಟೀನ್ ಕತ್ತರಿಸುವ ಯಂತ್ರಕ್ಕೆ ಅಂಟಿಕೊಂಡಾಗ, ಕ್ಲೋರಿನ್ ಕಳಚಿಬಿದ್ದು ಹಿಡಿತ ಬಿಡಿಸಲಾಗದಷ್ಟು ಬಿಗಿಯಾಗುತ್ತದೆ. ಕ್ಯಾನ್ಸರ್ ಸಂಶೋಧಕರು ಈ ಅಣುವಿನಲ್ಲಿ ಆಸಕ್ತಿ ತಾಳಿದ್ದಕ್ಕೆ ಆ ಹಿಡಿತವೂ ಒಂದು ಕಾರಣ.