ಜಿಪ್ಸಿ ಬ್ಲಾಕಿಗೆ ಟಾರ್ಕ್ ಪ್ಲೇಟ್ ಮಾಡ್ಕೊಂಡಿದ್ದು – ನನ್ನ ಅನುಭವ

ಟಾರ್ಕ್ ಪ್ಲೇಟ್ ಅಂದ್ರ ಇಂಜಿನ್ ಬ್ಲಾಕಿನ ಮ್ಯಾಲ ಹೆಡ್ ಬದ್ಲಿ ಬೋಲ್ಟ್ ಹಾಕಿ ಬಿಗಿಯೋ ದಪ್ಪ ಪ್ಲೇಟು. ಹೆಡ್ ಕೂಡಿಸಿದಾಗ ಬೋರ್ ಹೆಂಗ ಎಳೀತದೋ ಹಂಗೇ ಎಳಸಿ ಇಟ್ಟು ಹೋನಿಂಗ್ ಮಾಡ್ಬೇಕು, ಅಂದ್ರ ಕಲ್ಲಿಲೆ ಬೋರ್ ತಿಕ್ಕಿ ಸೈಜಿಗೆ ತರ್ಬೇಕು, ಅದಕ್ಕ ಇದು. ಮಾರುತಿ ಜಿಪ್ಸಿ 1.3 ಬ್ಲಾಕ್ ಬೋರ್ ಮಾಡಿದವ್ರಿಗೆ ಗೊತ್ತೇ ಅದ, ಅಲ್ಯುಮಿನಿಯಂ ಬ್ಲಾಕು, ಒಳಗ ತೆಳ್ಳಗಿನ ಬೀಡಿನ ಸ್ಲೀವು. ಕಟಿಂಗ್ ಛಲೋ ಆಗಿರ್ತದ, ಕ್ರಾಸ್ (ಹೋನಿಂಗ್‌ನ ಅಡ್ಡಗೀರು) ಮಸ್ತ್ ಕಾಣ್ತದ, ಪಿಸ್ಟನ್ ರಿಂಗ್ ಹೊಸ್ವು, ಆದ್ರೂ ಒಂದೆರಡು ತಿಂಗ್ಳಿಗೆ ಗಾಡಿ ನೀಲಿ ಹೊಗಿ ಬಿಟ್ಕೋತ ವಾಪಸ್ ಬರ್ತದ. ಒಬ್ರು ವಾಲ್ವ್ ಸೀಲ್ ಅಂತಾರ, ಒಬ್ರು ರಿಂಗ್ ಡುಪ್ಲಿಕೇಟ್ ಅಂತಾರ, ರೊಕ್ಕ ಮಾತ್ರ ಬೋರ್ ಮಾಡಿದವ್ನ ಕೈಯಿಂದಾನೇ ಹೋಗ್ತದ. ಹೆಡ್ ಬೋಲ್ಟ್ ಟೈಟ್ ಮಾಡ್ದಾಗ ಬೋರ್ ಎಳೀತದ್ರಿ ಅಂತ ನಾ ಅಂದ್ರ ನಮ್ಮ ಕಲಬುರಗಿಯ ಹಿರೀ ಉಸ್ತಾದ್ ಒಬ್ರು, "ನಲ್ವತ್ತು ವರ್ಷ ಪ್ಲೇಟ್ ಇಲ್ದೇನೇ ಮಾಡೀವಿ ತಮ್ಮಾ, ಯಾವ ಗಾಡಿ ನಿಂತದ ತೋರ್ಸು" ಅಂತ ನಕ್ಕರು. ಅವ್ರು ಬೋರ್ ಗೇಜ್ ಇಟ್ಟು ನೋಡೋದು ಎರಡೇ ಕಡಿ, ಉದ್ದಕ್ಕೊಂದು ಅಡ್ಡಕ್ಕೊಂದು. ಬೋಲ್ಟ್ ಇರೋದು ಮೂಲಿಗೆ, ಮೂಲಿಯಿಂದ ಮೂಲಿಗೆ ಗೇಜ್ ತಿರುಗಿಸಿದ್ರ ಮುಳ್ಳು ಎರಡು-ಮೂರು ಗೆರಿ ಓಡ್ತದ, ಅದನ್ನ ಯಾರೂ ನೋಡಲ್ಲ.

ಮೊದ್ಲಿನ ಪ್ಲೇಟ್ ಹುಮನಾಬಾದ್ ರೋಡಿನ ಗುಜರಿಯಿಂದ ತಂದಿದ್ದ 50 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ತುಂಡು, ಗ್ಯಾಸ್ ಕಟಿಂಗ್ ಮಾಡಿಸಿ ಎಲ್ಲಾ ಸೇರಿ 2,500ರ ಹತ್ರ ಬಿತ್ತು. ಡ್ರಿಲ್ ಆಯ್ತು, ಬೋರ್ ಆಯ್ತು, ಸರ್ಫೇಸ್ ಗ್ರೈಂಡಿಂಗ್‌ನೂ ಆಯ್ತು, ಒಂದು ವಾರ ಬಿಟ್ಟು ನೋಡಿದ್ರ ಖಡಕ್ ರೊಟ್ಟಿ ಹಂಗ ಸೆಟದಿತ್ತು. ಗ್ಯಾಸ್ ಕಟಿಂಗ್‌ನ ಬಿಸಿಗೆ ಹುಟ್ಟಿದ ಸ್ಟ್ರೆಸ್ (ಬಿಗಿತ) ಒಳಗೇ ಕುಂತಿರ್ತದ, ಕತ್ತರಿಸಿದ್ಹಂಗ ಹೊರಗ ಬರ್ತದ. ದಪ್ಪ ಕಾಜಿನ ಮ್ಯಾಲ ಎಮರಿ ಹಾಕಿ ತಿಕ್ಕಿ ತಿಕ್ಕಿ ಸಾಪ್ ಮಾಡೋ ಹುಚ್ಚು ಹತ್ತಿತ್ತು, ಹುಡುಗ್ರ ತೋಳು ಬಿದ್ದು ಹೋದ್ವು, ಪ್ಲೇಟ್ ಹಂಗೇ ಇತ್ತು, ಈಗ ಅದು ಪ್ರೆಸ್ ಕೆಳಗ ಆನ್ವಿಲ್ (ಅಡಿಗಟ್ಟಿ) ಆಗ್ಯದ. ಅದ್ರ ಮ್ಯಾಲ ಗ್ರೈಂಡಿಂಗ್‌ಗೆ ಕೊಟ್ಟಿದ್ದ ರೊಕ್ಕ ನೀರಾಗ ಹೋಯ್ತು.

ಎರಡನೇದು ಬ್ಯಾಂಡ್‌ಸಾನಾಗ ಕತ್ತರಿಸಿದ್ದ ತುಂಡು, ಒರಟು ಕೆಲ್ಸ ಪೂರಾ ಮಾಡಿ ಭಟ್ಟಿಯಾಗ ಕಾಸಿ ಸ್ಟ್ರೆಸ್ ರಿಲೀವ್ ಮಾಡಿಸ್ದೆ, ಅಂದ್ರ ಆ ಬಿಗಿತ ತೆಗಿಸ್ದೆ, ಆಮ್ಯಾಲೇ ಫಿನಿಶ್. ನಮ್ಮ ಕಡಿ ಆ ಸೈಜ್ ಸಾಪ್ ಆಗಿ ಹೊಡಿಯೋ ಗ್ರೈಂಡರ್ ಸಿಗ್ಲಿಲ್ಲ, ಹೈದ್ರಾಬಾದಿನ ಬಾಲಾನಗರಕ್ಕ ಬಸ್ಸಿನಾಗ ಹೊತ್ಕೊಂಡು ಹೋಗ್ಬೇಕಾಯ್ತು, ಇಪ್ಪತ್ತು ಕಿಲೋಕ್ಕ ಜರಾ ಕಮ್ಮಿ ಇರ್ಬೇಕು, ಕಂಡಕ್ಟರ್ ಲಗೇಜ್ ಟಿಕೆಟ್ ಹರದೇ ಹರದ. ಎರಡೂ ಪ್ಲೇಟ್ ಸೇರಿ 15 ಸಾವಿರದ ಆಸುಪಾಸು ಕೈ ಬಿಟ್ಟದ. ಪ್ಲೇಟಿನ ಹೋಲ್ 78 ಇಟ್ಟೀನಿ, ಬೋರ್ ಸ್ಟ್ಯಾಂಡರ್ಡ್ 74, ಓವರ್‌ಸೈಜ್ 0.50 ಹಾಕಿದ್ರೂ ಹೋನಿಂಗ್ ಕಲ್ಲು ಮ್ಯಾಲ ಹೊರಗ ಬರೋಕ ಜಾಗ ಇರ್ತದ, ಪ್ಲೇಟಿಗೆ ತಗಲಲ್ಲ.

ಖರೆ ಆಟ ಇರೋದು ಬೋಲ್ಟಿನಾಗ. ಹೆಡ್‌ಕಿಂತ ಪ್ಲೇಟ್ ತೆಳುವು, ಕಂಪನಿ ಬೋಲ್ಟ್ ಹಂಗೇ ಹಾಕಿದ್ರ ತಳಕ್ಕ ಹೋಗಿ ಮುಟ್ತದ, ಗಿಡ್ಡ ಬೋಲ್ಟ್ ಹಾಕಿದ್ರ ಮ್ಯಾಲಿನ ನಾಕು ಥ್ರೆಡ್ಡಷ್ಟೇ ಹಿಡದು ಬೋರ್ ಬ್ಯಾರೇ ಜಾಗದಾಗ ಎಳೀತದ. ಹೆಡ್ ಇದ್ದಾಗ ಎಷ್ಟು ಥ್ರೆಡ್ ಹಿಡೀತದೋ ಅಷ್ಟೇ ಹಿಡೀಬೇಕು, ಹತ್ತೂ ಬೋಲ್ಟಿಗೆ ಸ್ಟೀಲ್ ಬುಶ್ ಕೊಟ್ಟು ಆ ಆಳಕ್ಕ ತಂದೀನಿ. ಬುಶ್ ಉದ್ದ ಎಷ್ಟು, ಎಂಥ ಸ್ಟೀಲು ಅಂತ ಕೇಳ್ಬ್ಯಾಡ್ರಿ, ಭಾಳ ಖರ್ಚು ಮಾಡಿ ಕಲ್ತೀನಿ. ಗ್ಯಾಸ್ಕೆಟ್ ಹಾಕ್ಲೇಬೇಕು, ಇಂಜಿನ್‌ಗೆ ಬೀಳೋ ಜಾತೀದೇ, ಒಮ್ಮಿ ಒತ್ತಿದ್ದು ಇದ್ರೂ ನಡೀತದ. ಗ್ಯಾಸ್ಕೆಟ್ ಇಲ್ದೇನೂ ಟೈಟ್ ಮಾಡಿ ನೋಡೀನಿ, ಎಳೆಯೋ ಆಕಾರಾನೇ ಬ್ಯಾರೆ. ಕೆಳಗ ಕ್ರ್ಯಾಂಕ್ ಹಿಡಿಯೋ ಮೇನ್ ಕ್ಯಾಪೂ ಟಾರ್ಕ್ ಮಾಡಿರ್ಬೇಕು (ಅಳತಿಗೆ ಬಿಗಿದಿರ್ಬೇಕು), ಅದನ್ನ ಬಿಟ್ಟು ಹೋನ್ ಮಾಡೋವ್ರು ಪ್ಲೇಟ್ ಹಾಕೋದೂ ಬ್ಯಾಡ.

ನಡುವ ಬಿಸಿನೀರಿಂದೂ ಒಂದು ಪ್ರಯೋಗ ಆಯ್ತು. ಬ್ಯಾರಲ್‌ನಾಗ ಇಮ್ಮರ್ಶನ್ ರಾಡ್, ಕೂಲರ್ ಪಂಪು, ವಾಟರ್ ಜಾಕೆಟಿನಾಗ 70 ಡಿಗ್ರಿ ನೀರು ತಿರುಗಿಸ್ಕೋತ ಹೋನಿಂಗ್. ಪಂಪ್ ಸುಟ್ಟಿತು, ಗೇಜಿನಾಗ ಸಿಕ್ಕ ಫರಕು ನಂಬೋವಷ್ಟು ಇರ್ಲಿಲ್ಲ, ಬಿಟ್ಟೆ. ಆದ್ರ ಅದ್ರಿಂದ ಬಿಸಲಿನ ಲೆಕ್ಕ ತಿಳೀತು, ಮೇ ತಿಂಗ್ಳ ನಮ್ಮ ಊರಾಗ 43 ಡಿಗ್ರಿ ಇರ್ತದ, ಮುಂಜಾನಿ ಸೆಟ್ ಮಾಡಿದ ಸೈಜ್ ಮಧ್ಯಾಹ್ನ ಒಂದು ಗೆರಿ ದೊಡ್ಡದು ತೋರಿಸ್ತದ. ಈಗ ಕೊನೀ ಹೊಡ್ತ ಮುಂಜಾನಿ ಏಳರೊಳಗ, ಗೇಜೂ, ಗೇಜ್ ಸೆಟ್ ಮಾಡೋ ರಿಂಗೂ, ಬ್ಲಾಕೂ ರಾತ್ರಿಯೆಲ್ಲ ಒಂದೇ ಕೋಲ್ಯಾಗ.

ಪ್ಲೇಟ್ ಹಾಕಿ ಮುಗಿಸಿದ ಮೊದಲ್ನೇ ಬ್ಲಾಕ್ ಒಬ್ಬ ಮೆಕ್ಯಾನಿಕ್ ಒಯ್ದು, ಮರುದಿನಾನೇ "ಅಣ್ಣಾ ಬೋರ್ ಸೊಟ್ಟ ಅದ, ಎರಡು ಗೆರಿ ಅಂಡಾಕಾರ" ಅಂತ ಫೋನ್ ಮಾಡ್ದ. ಬ್ಲಾಕ್ ತಗೊಂಡು ಬಾ ಅಂದೆ. ಅವ್ನ ಗೇಜೇ ಇಟ್ಟೆ, ಸೊಟ್ಟ. ಪ್ಲೇಟ್ ಕೂಡಿಸಿ ಟಾರ್ಕ್ ಮಾಡಿ ಮತ್ತ ಅವ್ನ ಕೈಲೇ ಇಡಿಸ್ದೆ, ನಾಕೂ ಬೋರಿನಾಗ ಮುಳ್ಳು ಅಲ್ಲಾಡ್ಲಿಲ್ಲ. ಬಿಚ್ಚಿದಾಗ ಸೊಟ್ಟ ತೋರಿಸ್ಬೇಕು, ಬಿಚ್ಚಿದ್ರೂ ದುಂಡಗ ಅದ ಅಂದ್ರ ಹೆಡ್ ಕೂಡಿಸಿದ ಕೂಡ್ಲೇ ಸೊಟ್ಟ ಆಗ್ತದ. ಆ ಗಾಡಿ ಮೊದ್ಲು 700-800 ಕಿಲೋಮೀಟರಿಗೆ ಲೀಟರ್ ಆಯಿಲ್ ಕುಡಿತಿತ್ತು, ಈಗ ಐದು ಸಾವಿರ ಓಡಿದ ಮ್ಯಾಲ ಟಾಪಪ್ ಅರ್ಧ ಲೀಟರ್ ಹಾಕ್ಯಾರೋ ಇಲ್ಲೋ. ನಕ್ಕಿದ್ದ ಉಸ್ತಾದ್ರೂ ಹೋದ ತಿಂಗ್ಳ ಒಂದು ಬ್ಲಾಕ್ ಕಳಿಸ್ಯಾರ, ತಾವು ಬರ್ಲಿಲ್ಲ, ಹುಡುಗನ ಕೈಲಿ ಕಳಿಸಿದ್ರು.

ಪ್ಲೇಟ್ ಹಾಕಿ ಹೋನಿಂಗ್‌ಗೆ 1,000 ಜಾಸ್ತಿ ತಗೊಳ್ತೀನಿ, ಕಟ್ಟೋದು ಬಿಚ್ಚೋದಕ್ಕೇ ಅರ್ಧ ದಿನ ಹೋಗ್ತದ. ಪ್ಲೇಟ್ ಬಾಡಿಗಿಗೆ ಕೊಡಲ್ಲ, ಬ್ಲಾಕ್ ತಗೊಂಡು ಬರ್ರಿ, ಬರೋವಾಗ ಹೆಡ್ ಬೋಲ್ಟೂ ಹಳೀ ಗ್ಯಾಸ್ಕೆಟೂ ಸಂಗಡ ತರ್ರಿ.