‘ವೈರಸ್ ಕೊಲ್ಲುವ ಗಿಡ’ದ ಸುದ್ದಿಯನ್ನು ಓದುವುದು ಹೇಗೆ?

ಯಾವುದೋ ಗಿಡದ ಅಂಶ ವೈರಸ್ ತಡೆಯುತ್ತದೆ ಎಂದು ಸುದ್ದಿ ಬಂದರೆ ಸಾಕು, ಜನ ಅದರ ಮಾತ್ರೆ ಹುಡುಕಲು ಶುರು ಮಾಡುತ್ತಾರೆ. ಮೂಲ ಸಂಶೋಧನಾ ಪ್ರಬಂಧ ತೆರೆದು ನೋಡುವವರೂ ಒಂದೇ ಒಂದು ಸಂಖ್ಯೆ ಓದಿ ಮುಚ್ಚಿಬಿಡುತ್ತಾರೆ. ಎಡವುವುದು ಅಲ್ಲೇ. ಡ್ಯಾಫೊಡಿಲ್ ಎಂಬ ಹೂಗಿಡದ ಕುಟುಂಬದ ಗಡ್ಡೆಗಳಲ್ಲಿರುವ ಲೈಕೊರಿನ್ ಎಂಬ ಆಲ್ಕಲಾಯ್ಡ್ (ಗಿಡಗಳು ತಯಾರಿಸುವ, ಸಾರಜನಕ ಇರುವ ಒಂದು ಬಗೆಯ ರಾಸಾಯನಿಕ) ಇಟ್ಟುಕೊಂಡು ನೋಡೋಣ.

ಹಂತ 1: ಗಿಡದ ಹೆಸರು ಬಿಡಿ, ರಾಸಾಯನಿಕದ ಹೆಸರು ಹುಡುಕಿ. ಬರೀ ‘ಸಾರ’ ಎಂದಿದ್ದರೆ ಮುಂದೆ ಓದಬೇಡಿ.

ಹಂತ 2: ಪರೀಕ್ಷೆ ನಡೆದದ್ದು ಜೀವಕೋಶಗಳಲ್ಲೋ, ಇಲಿಗಳಲ್ಲೋ, ಮನುಷ್ಯರಲ್ಲೋ? ಸಾರಾಂಶದಲ್ಲೇ ಸಿಗುತ್ತದೆ.

ಹಂತ 3: ಇಲ್ಲಿ ನಿಧಾನಿಸಿ. ಬೇಕಾದ್ದು ಎರಡು ಸಂಖ್ಯೆ. ವೈರಸ್ ಹಾವಳಿಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣ ಇಸಿ50. ಅರ್ಧದಷ್ಟು ಜೀವಕೋಶಗಳನ್ನೇ ಸಾಯಿಸುವ ಪ್ರಮಾಣ ಸಿಸಿ50. ವೈರಸ್ ಬೆಳೆಯುವುದು ಜೀವಕೋಶದ ಒಳಗೆ ತಾನೇ? ಕೋಶ ಸತ್ತರೆ ವೈರಸ್ಸೂ ಬೆಳೆಯುವುದಿಲ್ಲ. ಹಾಗಾಗಿ ಸುಮ್ನೆ ಒಂದು ವಿಷವೂ ಔಷಧಿಯಂತೆ ಕಾಣಬಹುದು. ಸಿಸಿ50ಯನ್ನು ಇಸಿ50ಯಿಂದ ಭಾಗಿಸಿ. ಉತ್ತರ 10ಕ್ಕಿಂತ ಕಡಿಮೆ ಬಂದರೆ ನಾನಂತೂ ಪುಟ ತಿರುಗಿಸುತ್ತೇನೆ.

ಸಾರ್ಸ್ ವೈರಸ್ ಮೇಲಿನ 2005ರ ಪ್ರಬಂಧದಲ್ಲಿ ಲೈಕೊರಿನ್‌ನ ಇಸಿ50 15.7 ನ್ಯಾನೊಮೋಲಾರ್ (ದ್ರಾವಣದಲ್ಲಿ ರಾಸಾಯನಿಕ ಎಷ್ಟಿದೆ ಎಂದು ಹೇಳುವ ಮಾನ), ಸಿಸಿ50 14,980 ನ್ಯಾನೊಮೋಲಾರ್. ಭಾಗಿಸಿದರೆ 954! ಕುಣಿಯಬೇಡಿ. ಆ ಪರೀಕ್ಷೆ ನಡೆದದ್ದು ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ. ಲೈಕೊರಿನ್ ಪ್ರೋಟೀನ್ ತಯಾರಿಯನ್ನೇ ತಡೆಯುತ್ತದೆ. ಆ ತಯಾರಿ ವೈರಸ್ಸಿಗೆ ಎಷ್ಟು ಬೇಕೋ ನಮಗೂ ಅಷ್ಟೇ ಬೇಕು. ಬೇರೆ ಕೋಶ, ಬೇರೆ ಅವಧಿ ಆದರೆ ಸಿಸಿ50 ಕುಸಿಯಬಹುದು. ಆದ್ದರಿಂದ ಎರಡೂ ಸಂಖ್ಯೆಗಳನ್ನು ಒಂದೇ ಬಗೆಯ ಕೋಶದಲ್ಲಿ, ಒಂದೇ ಅವಧಿಗೆ ಅಳೆದಿದ್ದಾರಾ ನೋಡಿ. ಅಳತೆಯ ಮಾನವೂ ಒಂದೇ ಇರಬೇಕು: ಲೈಕೊರಿನ್‌ನ 1 ಮೈಕ್ರೊಮೋಲಾರ್ ಎಂದರೆ 1,000 ನ್ಯಾನೊಮೋಲಾರ್, ಅಂದರೆ ಮಿಲಿಲೀಟರಿಗೆ ಸುಮಾರು 0.29 ಮೈಕ್ರೊಗ್ರಾಂ. ಮೈಕ್ರೊ, ನ್ಯಾನೊ ಗೊಂದಲ ಮಾಡಿಕೊಂಡರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ.

ಅಂದ ಹಾಗೆ, ಗಡ್ಡೆಯನ್ನೇ ತಿಂದರಾಯಿತಲ್ಲ ಎಂಬ ಅಡ್ಡದಾರಿ ಬೇಡವೇ ಬೇಡ. ಈರುಳ್ಳಿ ಎಂದುಕೊಂಡು ಡ್ಯಾಫೊಡಿಲ್ ಗಡ್ಡೆ ತಿಂದವರು ಜೋರಾಗಿ ವಾಂತಿ ಮಾಡಿಕೊಂಡ ಪ್ರಕರಣಗಳಿವೆ. ಅದಕ್ಕೆ ಒಂದು ಕಾರಣ ಇದೇ ಲೈಕೊರಿನ್.

ಹಂತ 4: ಇಸಿ50ಯಷ್ಟು ಪ್ರಮಾಣ ರಕ್ತದಲ್ಲಿ ಸಿಗುತ್ತದೆಯೇ? ಬರ್ಬೆರಿನ್ ಎಂಬ ಇನ್ನೊಂದು ಸಸ್ಯ ಆಲ್ಕಲಾಯ್ಡ್‌ನ ಮಾತ್ರೆ ಡಬ್ಬಗಳ ಮೇಲೆ ‘500 ಮಿಲಿಗ್ರಾಂ’ ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ನುಂಗಿದ ಬರ್ಬೆರಿನ್‌ನಲ್ಲಿ ರಕ್ತ ಸೇರುವುದು ತೀರಾ ಕಡಿಮೆ. ಇಲಿಗಳಲ್ಲಿ ಅಳೆದಾಗ ಶೇ 1ರಷ್ಟೂ ಇರಲಿಲ್ಲ. ‘ವೈರಸ್ ನಿರೋಧಕ’ ಎಂದು ಬರೆದ ಇಂಥ ಡಬ್ಬ ಕೊಳ್ಳಬೇಡಿ.

ಹಂತ 5: ಮನುಷ್ಯರ ಮೇಲಿನ ಪ್ರಯೋಗ ಹುಡುಕಿ. ಆಸ್ಟ್ರೇಲಿಯಾದ ಒಂದು ಮರದ ಬೀಜದಲ್ಲಿ ಕ್ಯಾಸ್ಟನೊಸ್ಪರ್ಮಿನ್ ಎಂಬ ಆಲ್ಕಲಾಯ್ಡ್ ಇದೆ. ಅದನ್ನು ಮಾರ್ಪಡಿಸಿ ಮಾಡಿದ ಸೆಲ್ಗೊಸಿವಿರ್ ಎಂಬ ಔಷಧಿ ಡೆಂಗಿ ತಗುಲಿದ ಇಲಿಗಳನ್ನು ಉಳಿಸಿತ್ತು. ಸಿಂಗಪುರದಲ್ಲಿ ರೋಗಿಗಳಿಗೆ ಕೊಟ್ಟಾಗ ಜ್ವರವಾಗಲಿ, ವೈರಸ್ ಪ್ರಮಾಣವಾಗಲಿ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಡುಕುವಾಗ ಹೀಗೆ ಮಾರ್ಪಡಿಸಿದ ರೂಪದ ಹೆಸರನ್ನೂ ಹಾಕಿ. ಬರೀ ಕ್ಯಾಸ್ಟನೊಸ್ಪರ್ಮಿನ್ ಎಂದು ಹುಡುಕಿದರೆ ಈ ಪ್ರಯೋಗ ಕಣ್ತಪ್ಪಿ ಹೋಗಬಹುದು.