ಕಣ್ಣಿಗೆ ಒಂದೇ ಶಂಕರ, ಡೇಟಾಬೇಸಿಗೆ ಎರಡು

ಪರಿಚಯದ ಲೈಬ್ರರಿಯೊಂದರ ಪುಸ್ತಕಗಳ ಪಟ್ಟಿಯನ್ನು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿಗೆ ಹಾಕಿಕೊಟ್ಟಿದ್ದೆ. ಒಂದು ದಿನ ಫೋನ್ ಬಂತು. ‘ಶಂಕರ’ ಅಂತ ಹುಡುಕಿದರೆ ಅರ್ಧ ಪುಸ್ತಕ ಬರುತ್ತಲೇ ಇಲ್ಲ, ಪಟ್ಟಿ ತೆಗೆದರೆ ಕಣ್ಣೆದುರೇ ಇವೆ.

ನಾನು ಮೊದಲು ಅನುಮಾನಪಟ್ಟಿದ್ದು ಲೊಕೇಲ್ ಮೇಲೆ, ಅಂದರೆ ಡೇಟಾಬೇಸಿನ ಭಾಷೆಯ ಸೆಟ್ಟಿಂಗ್ ಮೇಲೆ. ಕೊಲೇಷನ್, ಅಂದರೆ ಪದಗಳನ್ನು ಜೋಡಿಸುವ ಕ್ರಮ, ಇಂಗ್ಲಿಷಿನದಿತ್ತು. ಕನ್ನಡದ್ದು ಹಾಕಿ, ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಿದೆ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಹುಡುಕಾಟ ಮಾತ್ರ ಹಾಗೇ ಇತ್ತು. ಮಾಮೂಲಿ ಕೊಲೇಷನ್ ಯಾವುದೇ ಇರಲಿ, ಎರಡು ಪದ ಒಂದೇ ಅಂತ ಪೋಸ್ಟ್‌ಗ್ರೆಸ್ ಒಪ್ಪಬೇಕಾದರೆ ಬೈಟ್‌ಗಳೆಲ್ಲ ಒಂದೇ ಆಗಿರಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಷ್ಟೇ ಕೊಲೇಷನ್ ಕೆಲಸ.

ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, ಅಕ್ಷರದ ಸಂಖ್ಯೆ ಹೇಳುವ ಆಸ್ಕಿ ಫಂಕ್ಷನ್‌ಗೆ ಕೊಟ್ಟೆ. ಆಸ್ಕಿ ಅನ್ನುವುದು ಇಂಗ್ಲಿಷ್ ಅಕ್ಷರಗಳ ಹಳೆಯ ಪಟ್ಟಿಯ ಹೆಸರಾದರೂ, ಯುಟಿಎಫ್-8ರಲ್ಲಿ ಅಕ್ಷರ ಉಳಿಸುವ ಡೇಟಾಬೇಸಿನಲ್ಲಿ ಆ ಫಂಕ್ಷನ್ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಯುನಿಕೋಡ್ ಸಂಖ್ಯೆಯನ್ನೇ ಕೊಡುತ್ತದೆ. ನಾನು ಟೈಪ್ ಮಾಡಿದ ಶಂಕರದಲ್ಲಿ ಎರಡನೆಯದು 3202, ಅನುಸ್ವಾರ. ಪಟ್ಟಿಯಲ್ಲಿದ್ದದ್ದು 3302, ಕನ್ನಡದ ಅಂಕಿ ಸೊನ್ನೆ! ಟೈಪ್ ಮಾಡಿದವರಿಗೆ ಎರಡೂ ಒಂದೇ ಥರ ಕಂಡಿವೆ, ನನಗೂ ಹಾಗೇ ಕಂಡಿತ್ತು ಅಲ್ವಾ?

ಹುಡುಕುತ್ತಾ ಹೋದರೆ ಇನ್ನೂ ಸಿಕ್ಕವು. ‘ಗೋಪಾಲ’ ಕೆಲವು ಕಡೆ 5 ಕೋಡ್‌ಪಾಯಿಂಟ್ (ಇಂಥ ಯುನಿಕೋಡ್ ಸಂಖ್ಯೆ), ಕೆಲವು ಕಡೆ 7, ಯಾಕೆಂದರೆ ಅಲ್ಲಿ ಓಕಾರದ ಚಿಹ್ನೆ ಮೂರು ತುಂಡಾಗಿ ಕೂತಿತ್ತು. ‘ರಾಜ್‌ಕುಮಾರ್’ ಮಧ್ಯೆ ಕಣ್ಣಿಗೆ ಕಾಣದ 8204 ಇತ್ತು, ಒತ್ತಕ್ಷರ ಆಗದಂತೆ ತಡೆಯುವ ಶೂನ್ಯ ಅಗಲದ ಅಕ್ಷರ.

ಮೂಲ ಕಾಲಮ್ ಮುಟ್ಟಲಿಲ್ಲ. 8204 ಅಳಿಸಿಬಿಟ್ಟರೆ ಅದು ‘ರಾಜ್ಕುಮಾರ್’ ಆಗುತ್ತದೆ, ಒಬ್ಬರ ಹೆಸರನ್ನು ಹಾಗೆ ಕೆಡಿಸಲು ನನಗೆ ಮನಸ್ಸಿಲ್ಲ. ಹುಡುಕುವುದಕ್ಕೆಂದೇ ಇನ್ನೊಂದು ಕಾಲಮ್ ಮಾಡಿದೆ. ಮೊದಲು ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್, ಅದು ಗೋಪಾಲನ ತುಂಡುಗಳನ್ನು ಸೇರಿಸುತ್ತದೆ. ಆಮೇಲೆ 8204, ಅಕ್ಷರ ಕೂಡಿಸುವ ಅದರ ಜೋಡಿ 8205 ಎರಡನ್ನೂ ತೆಗೆಯುವುದು. ಸೊನ್ನೆಯನ್ನು ನಾರ್ಮಲೈಸ್ ಸರಿಮಾಡುವುದಿಲ್ಲ, ಅದಕ್ಕೆ ನಾವೇ ನಿಯಮ ಬರೆಯಬೇಕು. ಸುಮ್ನೆ ಎಲ್ಲಾ ಸೊನ್ನೆ ಬದಲಿಸಿದರೆ ೧೯೫೦ ಅನ್ನುವ ಇಸವಿ ಹಾಳಾಗುತ್ತದೆ. ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಮಾತ್ರ ಅನುಸ್ವಾರ, ಅಂಕಿ ಇದ್ದರೆ ಹಾಗೇ ಬಿಡು ಅಂತ ರೆಜೆಕ್ಸ್ (ಅಕ್ಷರಗಳ ಮಾದರಿ ಹಿಡಿಯುವ ಸೂತ್ರ) ಬರೆದೆ.

ಹುಡುಕುವವರು ಟೈಪ್ ಮಾಡಿದ್ದನ್ನೂ ಇದೇ ಫಂಕ್ಷನ್ ಮೂಲಕ ಹಾಯಿಸಬೇಕು. ಮೊದಲ ದಿನ ನಾನು ಇದನ್ನು ಮರೆತಿದ್ದೆ. ಅಷ್ಟು ದಿನ ಸೊನ್ನೆ ಹಾಕಿಯೇ ಹುಡುಕಿ, ಸಿಕ್ಕಷ್ಟು ಪುಸ್ತಕ ಕೊಡುತ್ತಿದ್ದವರಿಗೆ ಅವತ್ತು ಒಂದೂ ಸಿಗಲಿಲ್ಲ. ಮತ್ತೆ ಫೋನ್ ಬಂತು.